ಎಷ್ಟು ವರ್ಷದ ಅನುಭವ

ಮಂಗಳವಾರ, ಮಾರ್ಚ್ 11

ಜಾಹೀರಾತು ಇವತ್ತೂ ಮುಗಿಯಲಿಲ್ಲ. 'ಬಾರ್ ಮ್ಯಾನೇಜರ್ ಬೇಕಾಗಿದ್ದಾರೆ, ಕನಿಷ್ಠ' ಎಂದು ಬರೆದು ಅಲ್ಲೇ ನಿಂತಿದ್ದೇನೆ.

ಪಬ್ಬಿನಲ್ಲಿ ಅರ್ಧ ಪಾಲು ನನ್ನ ತಮ್ಮ ರೋರಿಯದು. ಬೆಳಿಗ್ಗೆ ಬಂದವನು, "ಐದು ವರ್ಷದ ಅನುಭವ ಅಂತ ಹಾಕಕ್ಕಾ, ಮುಗೀತು" ಎಂದ. ಐದು ವರ್ಷ ಬಾರ್ ನಡೆಸಿದವನು ಈ ಕೆಂಪು ಧೂಳಿನ ಊರಿಗೆ ಯಾಕೆ ಬರುತ್ತಾನೆ? ಎರಡು ಎಂದು ಬರೆದೆ, ಹೊಡೆದುಹಾಕಿದೆ.

ಹಿಂದಿನ ಮ್ಯಾನೇಜರ್ ಡೆಸ್ಮಂಡನಿಗೆ ಹನ್ನೆರಡು ವರ್ಷದ ಅನುಭವವಿತ್ತು. ಯಾರಿಗೆ ಎಷ್ಟು ಸಾಕು ಎಂದು ಅವನಿಗೆ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಆ ಶನಿವಾರ ನಮ್ಮ ಗಿರಾಕಿ ಮರ್ವಿನ್ ಮೂರು ಬಿಯರ್ ಕುಡಿದು ಎದ್ದಾಗ ನಡಿಗೆ ಸರಿಯಾಗಿಯೇ ಇತ್ತು. ಆದರೆ ಆ ಮೂರನ್ನೂ ಕೊಡಿಸಿದ್ದವರು ಜೊತೆಗಿದ್ದ ಮೂವರು. ತನ್ನ ಸರದಿಯಲ್ಲಿ ಎಲ್ಲರಿಗೂ ಕೊಡಿಸದೆ ಎದ್ದು ಹೋಗುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ.

"ಏನಯ್ಯಾ, ಮೂರು ಜನರ ದುಡ್ಡಲ್ಲಿ ಕುಡ್ದು ಈಗ ಜಾರ್ಕೊಳ್ತಿದೀಯಾ?" ಎಂದು ನಾನೇ ಕೂಗಿದೆ. ಬಾರಿಗೆ ಬಾರೇ ನಕ್ಕಿತು.

"ಗ್ಲೆನಿಸ್, ಹೋಗ್ಲಿ ಬಿಡಿ. ಅವ್ನು ದೂರ ಗಾಡಿ ಓಡಿಸ್ಬೇಕು," ಎಂದ ಡೆಸ್ಮಂಡ್, ಮೆಲ್ಲಗೆ.

ಮರ್ವಿನ್ ಕೆಂಪಗಾಗಿ ಮತ್ತೆ ಕುಳಿತ. ಅವನು ಕೊಡಿಸಿದ ಮೇಲೆ ಸರದಿ ಮೊದಲಿನಿಂದ ಶುರುವಾಯಿತು. ಹಳ್ಳದ ಸೇತುವೆಯ ಹತ್ತಿರ ಅವನ ಗಾಡಿ ಸಿಕ್ಕಿದ್ದು ಮರುದಿನ.

ಅವನನ್ನು ಮಣ್ಣು ಮಾಡಿ ಬಂದ ದಿನವೇ ಡೆಸ್ಮಂಡ್ ಕೀಲಿ ಇಟ್ಟು ಹೊರಟುಹೋದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಈಗ ಎಷ್ಟು ಎಂದು ಬರೆಯಲಿ? ಎರಡೋ, ಐದೋ, ಹನ್ನೆರಡೋ, ಯಾರೇ ಬಂದರೂ ಅವರ ಪಕ್ಕದಲ್ಲಿ ನಿಲ್ಲುವವಳು ನಾನೇ.

ನನಗೆ ಇದೇ ಬಾರಿನಲ್ಲಿ ಇಪ್ಪತ್ತಾರು ವರ್ಷದ ಅನುಭವ.