ದೊರೆ ಕೂತ ಜಾಗ

ಮಾರ್ಚ್ 3

ಬೆಳಗ್ಗೆಯಿಂದ ಲ್ಯಾಬಿನಲ್ಲಿ ಸ್ಲೈಡು, ಸ್ಲೈಡು. ಸತ್ತ ಕರುವಿನ ಮಿದುಳು. ಅಕ್ಕನ ಹಾಲಿನ ಡೈರಿಯದೇ — ಇನ್ನೊಂದು ಹಸು ದಿನ ತುಂಬುವ ಮೊದಲೇ ಕಂದು ಹಾಕಿದೆ. ದಪ್ಪ ಗೋಡೆಯ ದುಂಡನೆ ಗೂಡುಗಳು, ಒಳಗೆ ಪ್ರೊಟೊಜೋವಾ ಪರೋಪಜೀವಿಗಳು ಕಿಕ್ಕಿರಿದಿವೆ. ನಾಯಿಯಿಂದ ಹಸುವಿಗೆ ಬರುವ ಜಾತಿ ಅನ್ನಿಸುತ್ತದೆ. ಇನ್ನೊಂದು ಬಣ್ಣ ಹಾಕಿ ನೋಡಬೇಕು.

ಫೋನ್ ಮಾಡಿದರೆ ಅಕ್ಕ ತನ್ನ ನಾಯಿಯನ್ನು ಹೊಗಳುತ್ತಾಳೆ. "ದೊರೆಗೆ ಮೊದಲೇ ಗೊತ್ತಿತ್ತು ಕಣೇ. ಹಿಂದಿನ ದಿನವೇ ಆ ಹಸು ಮುಂದೆ ಹೋಗಿ ಕೂತ. ಊಟ ಹಾಕಿದ್ರೂ ಏಳಲಿಲ್ಲ. ಕರು ಬಿದ್ದ ಮೇಲೇ ಎದ್ದು ಬಾಲ ಅಲ್ಲಾಡಿಸಿದ್ದು."

ನಾಯಿಗೆ ಜ್ಯೋತಿಷ್ಯ ಬೇರೆ! ನಕ್ಕುಬಿಟ್ಟೆ.

ಮಾರ್ಚ್ 5, ಸಂಜೆ

ಅದೇ ರೋಗ, ಅನುಮಾನವಿಲ್ಲ. ನಾಯಿಯ ಮಲದಿಂದ ಮೇವಿಗೆ, ಮೇವಿನಿಂದ ಹಸುವಿಗೆ, ಕರುವಿನ ಜೊತೆ ಬೀಳುವ ಮಾಸು ತಿಂದು ಮತ್ತೆ ನಾಯಿಗೆ. ಅಕ್ಕನ ಮನೆಗೇ ಹೋದೆ. ಐದು ತಿಂಗಳ ಬಸುರಿ, ಕೊಟ್ಟಿಗೆ ಗುಡಿಸುತ್ತಿದ್ದಾಳೆ!

"ಮಾಸು ಏನ್ಮಾಡ್ತೀಯ?"

"ದೊರೆಗೇ ಹಾಕ್ತೀನಿ. ಸುಳಿವು ಕೊಟ್ಟವನಿಗೆ ಇನಾಮು ಬೇಡ್ವಾ?"

ತಲೆ ಚಚ್ಚಿಕೊಂಡೆ. "ಸುಳಿವಲ್ಲ ಅಕ್ಕಾ. ಅವನು ಊಟಕ್ಕೆ ಕಾಯ್ತಾ ಕೂತಿರೋದು."

"ಸರಿ, ಒಂದು ದಿನ ಮುಂಚೆ ಹೇಗೆ ಗೊತ್ತಾಗುತ್ತೆ?"

ವಾಸನೆ ಅಂದೆ. ನಿಜ ಹೇಳಬೇಕೆಂದರೆ, ನನಗೂ ಗೊತ್ತಿಲ್ಲ.

ಮಾರ್ಚ್ 14

ದೊರೆಯ ರಕ್ತದಲ್ಲೂ ಅದೇ. ಭಾವ ಅವನನ್ನು ಸರಪಳಿ ಹಾಕಿ ಕಟ್ಟಿದ್ದಾರೆ. ಮಾಸು ಈಗ ಆಳಕ್ಕೆ ಹೂಳುತ್ತಾರೆ.

"ನಂಗೂ ಬರುತ್ತೇನೇ ಇದು?" ಅಕ್ಕನ ದನಿ ಸಣ್ಣದಾಗಿತ್ತು. ಮನುಷ್ಯರಿಗೆ ಬಂದ ಪುರಾವೆಯಿಲ್ಲ ಎಂದು ಬಾಯಿಪಾಠ ಒಪ್ಪಿಸಿದೆ. ಸ್ಕ್ಯಾನಿಂಗ್‌ನಲ್ಲೂ ಮಗು ಚೆನ್ನಾಗಿದೆ.

ರಿಪೋರ್ಟ್ ಬರೆಯುವಾಗ ಪೆನ್ನು ನಿಂತಿತು. ಹಸು ಹಾಕಿದ್ದು ಕಂದು. ಅಕ್ಕನ ಹೊಟ್ಟೆಯಲ್ಲಿರುವುದು ಕಂದ. ನಡುವೆ ಒಂದು ಕೊಂಬು, ಅಷ್ಟೇ... ಛೇ, ಎಂಥ ಯೋಚನೆ. ಎದ್ದು ಮುಖ ತೊಳೆದೆ.

ಮಾರ್ಚ್ 22, ಬೆಳಗ್ಗೆ

ಅಕ್ಕನ ಫೋನ್. ನಿನ್ನೆಯೇ ದೊರೆ ಸರಪಳಿ ಕಿತ್ತುಕೊಂಡನಂತೆ.

"ಯಾವ ಹಸು ಮುಂದೆ ಕೂತಿದ್ದಾನೆ?"

"ಕೊಟ್ಟಿಗೆ ಕಡೆ ತಲೆನೂ ಹಾಕಿಲ್ಲ ಕಣೇ. ನನ್ನ ಮಂಚದ ಹತ್ರ ಕೂತಿದ್ದಾನೆ. ಊಟ ಹಾಕಿದ್ರೂ ಏಳ್ತಿಲ್ಲ." ನಕ್ಕಳು.

ನನಗೆ ನಗು ಬರಲಿಲ್ಲ. ಈಗಲೇ ಆಸ್ಪತ್ರೆಗೆ ಹೊರಡು ಎಂದು ಕಿರುಚಿದೆ. ಆಟೋಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಭಯವಾಗುತ್ತಿದೆ. ಅದು ಬರುವವರೆಗೆ ಬರೆಯುತ್ತಿದ್ದೇನೆ. ಮನುಷ್ಯರಿಗೆ ಬಂದ ಪುರಾವೆಯಿಲ್ಲ. ಪುರಾವೆಯಿಲ್ಲ.

ಫೋನು. ಭಾವ.

"ದೊರೆ ಎದ್ದ ಕಣಮ್ಮಾ. ಬಾಲ ಅಲ್ಲಾಡಿಸ್ತಾ —"