ಗರಡಿಜಯಂತ ಆನ್‌ಲೈನ್‌ನಲ್ಲಿದ್ದಾರೆ

ಪೊವೇ
21 ಅಕ್ಟೋಬರ್ 2024, ಸೋಮವಾರ

ಪ್ರೀತಿಯ ಪುಟ್ಟಿ,

ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ ಎಂದ ಮೇಲೆ ಉಳಿದದ್ದು ಕಾಗದ ಒಂದೇ. ರೆಡೊಂಡೊ ಬೀಚಿನ ಅದೇ ಅಪಾರ್ಟ್‌ಮೆಂಟಿನಲ್ಲಿ ನೀನಿನ್ನೂ ಇದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ಕ್ಲಾಸಿಗೆ ಮುಖ ಊದಿಸಿಕೊಂಡು ಹೋಗುತ್ತಿದ್ದೆಯಲ್ಲ, ಅದು ಈಗಲಾದರೂ ಉಪಯೋಗಕ್ಕೆ ಬರಲಿ. ನಿಧಾನವಾಗಿ ಓದು. ಓದದೆ ಕಸಕ್ಕೆ ಹಾಕಿದರೂ ನನಗೆ ತಿಳಿಯುವುದಿಲ್ಲ, ಅದೂ ಒಂದು ಅನುಕೂಲ.

ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಸಂಜೆ ನಿನ್ನ ಟಿವಿಯ ಮೇಲೆ ‘ಗರಡಿಜಯಂತ ಆನ್‌ಲೈನ್‌ನಲ್ಲಿದ್ದಾರೆ’ ಎಂದು ಬಂದಿರಬೇಕು. ಹೆಸರು ಅಪ್ಪನದು, ಆದರೆ ಅದು ನಾನು. ಅಪ್ಪ ಹೋಗಿ ಎಂಟು ತಿಂಗಳಾದ ಮೇಲೆ ಅಂಥದ್ದೊಂದು ಸಾಲು ನೋಡಿ ನಿನಗೆ ಏನಾಯಿತೋ ಏನೋ. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು.

ಆದದ್ದು ಇಷ್ಟು. ಅಪ್ಪನ ಗೇಮ್ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಹೊರಟಿದ್ದೆ. ಅಮ್ಮ ಮತ್ತೆ ಶುರು ಮಾಡಿದಳು ಎಂದು ನೀನು ಹಲ್ಲು ಕಡಿಯುತ್ತೀಯ, ಗೊತ್ತು. ವೈಕುಂಠ ಸಮಾರಾಧನೆಯ ಮರುದಿನವೇ ನಾನು ಅವರ ಬಟ್ಟೆ, ಶೂ, ಎಲ್ಲವನ್ನೂ ಮೂಟೆ ಕಟ್ಟಿ ಡೊನೇಷನ್‌ಗೆ ಹಾಕಿ ಬಂದೆ. ಆ ಬೂದು ಸ್ವೆಟರ್ ಬೇಕೆಂದು ನೀನು ಕ್ಲೋಸೆಟ್ ತೆಗೆದಾಗ ಬರೀ ಹ್ಯಾಂಗರ್‌ಗಳು ತೂಗಾಡುತ್ತಿದ್ದವು. ‘ನಿನಗೆ ಅಳು ಕೂಡ ಬರಲಿಲ್ಲವಲ್ಲ’ ಎಂದು ನೀನು ಇಂಗ್ಲಿಷಿನಲ್ಲಿ ಕೂಗಿ, ಕಾರು ಹತ್ತಿ ಹೊರಟುಹೋದೆ.

ನೀನು ಹೇಳಿದ್ದು ನಿಜ. ಬರಲಿಲ್ಲ. ಇನ್ನೂ ಬಂದಿಲ್ಲ. ಬಂದರಿನಲ್ಲಿ ದೋಣಿ ಹತ್ತಿ ಅಸ್ಥಿ ಬಿಡಲು ಹೋದ ದಿನವೂ ಕಾರಿಗೆ ಪಾರ್ಕಿಂಗ್ ದಂಡ ಹಾಕಿಬಿಟ್ಟರೇನೋ ಎಂದೇ ಯೋಚಿಸುತ್ತಿದ್ದೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ಕೆನ್ನೆ ಮರಗಟ್ಟಿರುತ್ತದಲ್ಲ, ಹಾಗಿದ್ದೇನೆ. ಮುಟ್ಟಿದರೆ ಇದೆ ಎಂದು ತಿಳಿಯುತ್ತದೆ, ಅಷ್ಟೆ. ಆಫೀಸಿಗೆ ಹೋಗುತ್ತೇನೆ, ಬರುತ್ತೇನೆ, ಕುಕ್ಕರ್ ಇಡುತ್ತೇನೆ. ಅವರ ವಸ್ತುಗಳು ಕಣ್ಣಿಗೆ ಬೀಳದಿದ್ದರೆ ಏನಾದರೂ ಅನಿಸೀತು ಎಂದು ಕೊಟ್ಟೆ. ಏನೂ ಅನಿಸಲಿಲ್ಲ.

ಪೆಟ್ಟಿಗೆಯ ಕಥೆಗೆ ಬರೋಣ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಏನನ್ನೂ ಆನ್ ಮಾಡಿ ನೋಡದೆ ಇನ್ನೊಬ್ಬರ ಕೈಗೆ ಕೊಡುವ ಜಾಯಮಾನ ನನ್ನದಲ್ಲ. ಟಿವಿಗೆ ಸಿಕ್ಕಿಸಿ ಆನ್ ಮಾಡಿದೆ. ನಿಮ್ಮಿಬ್ಬರ ಆ ಹೊಡೆದಾಟದ ಆಟದ ಹೊಸ ಭಾಗದ ಡೆಮೊ, ಆ ಪುಕ್ಕಟೆ ತುಣುಕು, ತಾನಾಗಿಯೇ ಇಳಿದು ಕೂತಿತ್ತು. ಆಸ್ಪತ್ರೆ ಸೇರುವ ಮೊದಲೇ ಅಪ್ಪ ಅದಕ್ಕೆ ಹೆಸರು ಕೊಟ್ಟಿಟ್ಟಿದ್ದರು ಎಂದು ಕಾಣುತ್ತದೆ. ಇಬ್ಬರೇ ಜಟ್ಟಿಗಳು, ಒಂದೇ ಅಖಾಡ, ಭಾನುವಾರದವರೆಗೆ ಮಾತ್ರ.

ಪೂರ್ತಿ ಆಟ ತಂದರೆ ನೀನು ಹೋಂವರ್ಕ್ ಮುಟ್ಟುವುದಿಲ್ಲ ಎಂದು ಅಪ್ಪ ನಿನಗೆ ಡೆಮೊಗಳನ್ನಷ್ಟೇ ಆಡಿಸಿ ಬೆಳೆಸಿದರು. ನೀನು ಕೆಲಸಕ್ಕೆ ಸೇರಿದ ಮೇಲೂ ಇಬ್ಬರೂ ಪೂರ್ತಿ ಆಟ ಕೊಳ್ಳಲಿಲ್ಲ, ಅದೇನು ಹಟವೋ! ಹೊಸ ಡೆಮೊ ಬಂದ ವಾರಾಂತ್ಯ ಅಲ್ಲಿಂದ ನೀನು, ಇಲ್ಲಿಂದ ಅವರು, ಸಾರು ಆರಿತು ಎಂದು ಅಡುಗೆಮನೆಯಿಂದ ಅರಚುವವಳು ನಾನು.

ಶುಕ್ರವಾರ ಡೆಮೊ ತೆರೆದು ಇನ್ನೂ ಸರಿಯಾಗಿ ಕೂತಿರಲಿಲ್ಲ, ‘ಪ್ರಣತಿ ಕರೆಯುತ್ತಿದ್ದಾಳೆ’ ಎಂದು ನಿನ್ನ ಹೆಸರು ಬಂತು. ಮುಚ್ಚಲು ಹೋಗಿ ಒಪ್ಪಿಕೊಂಡುಬಿಟ್ಟೆ. ಯಾರ ಹೆಸರಿನಲ್ಲಿ ಆಡುತ್ತಿದ್ದೇನೆ ಎನ್ನುವುದು ಆಗ ನನ್ನ ತಲೆಗೇ ಬರಲಿಲ್ಲ. ನಿನ್ನ ಜಟ್ಟಿ ಹೊಡೆಯಲು ಬರಲಿಲ್ಲ. ಒಮ್ಮೆ ಕುಕ್ಕರಗಾಲಿನಲ್ಲಿ ಕೂತು ಎದ್ದ. ಮೈಸೂರಿನ ಗರಡಿಯಲ್ಲಿ ಬೆಳೆದ ನಿಮ್ಮಪ್ಪ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಯಾರ ಮೇಲೂ ಕೈ ಮಾಡಿದವರಲ್ಲ. ಆಟದಲ್ಲೂ ಹಾಗೆಯೇ, ಮೊದಲು ಮಣ್ಣು, ಆಮೇಲೆ ಪಟ್ಟು ಎಂದು ನಿನಗೆ ಕಲಿಸಿದ್ದರು. ಇಷ್ಟು ವರ್ಷ ಅಡುಗೆಮನೆ ಬಾಗಿಲಿನಿಂದ ನೋಡಿದ ನನ್ನ ಕೈ ತಾನಾಗಿಯೇ ಆ ಗುಂಡಿ ಒತ್ತಿತು. ನನ್ನವನೂ ಕೂತು ಎದ್ದ.

ತಪ್ಪಾದದ್ದು ಅಲ್ಲೇ. ಯಾರೋ ಕಳ್ಳ ಅಪ್ಪನ ಅಕೌಂಟ್ ಹೊಡೆದಿದ್ದರೆ ಹಾಗೆ ಮಣ್ಣು ಮುಟ್ಟುತ್ತಿರಲಿಲ್ಲ. ಆಮೇಲೆ ನೀನು ಹೊಡೆಯಲಿಲ್ಲ, ನನಗೆ ಹೊಡೆಯಲು ಬರುವುದಿಲ್ಲ. ಇಬ್ಬರೂ ಎದುರುಬದುರು ನಿಂತೇ ಇದ್ದೆವು. ಸಮಯ ಮುಗಿದು, ಯಾರೂ ಗೆಲ್ಲಲಿಲ್ಲ ಎಂದು ಬಂತು. ಅದರ ಹಿಂದೆಯೇ ನಿನ್ನ ಮೆಸೇಜ್, ಒಂದೇ ಪದ: ‘ಅಪ್ಪಾ?’ ಪ್ಲಗ್ ಕಿತ್ತುಬಿಟ್ಟೆ.

ಶನಿವಾರವೂ ಆಡಿದೆವು. ನನ್ನವನು ಬಿದ್ದಾಗಲೆಲ್ಲ ನಿನ್ನವನು ಎರಡು ಹೆಜ್ಜೆ ಹಿಂದೆ ಸರಿದು, ಅವನು ಏಳುವವರೆಗೆ ಕಾದ. ನೀನು ಚಿಕ್ಕವಳಿದ್ದಾಗ ಅಪ್ಪ ನಿನಗಾಗಿ ಕಾಯುತ್ತಿದ್ದರಲ್ಲ, ಹಾಗೆ. ನನಗೂ ಒಂದು ಒದೆತ ಹಾಕಲು ಬಂತು ನೋಡು! ಭಾನುವಾರ ಕೊನೆಯಲ್ಲಿ ನಿನ್ನವನು ಮಣ್ಣು ಮುಟ್ಟಲು ಕೂತವನು ಏಳಲೇ ಇಲ್ಲ. ನಾನೂ ಕೂತೆ. ಆಡಿದ್ದಕ್ಕೆ ಧನ್ಯವಾದ, ಪೂರ್ತಿ ಆಟ ಜನವರಿಯಲ್ಲಿ ಎಂದು ಬಂದು ಎಲ್ಲ ಕಪ್ಪಾಯಿತು.

ಪೆಟ್ಟಿಗೆಯನ್ನು ಯಾರಿಗೂ ಕೊಡುವುದಿಲ್ಲ. ಅದು ನಿನ್ನದು, ಬಂದು ತೆಗೆದುಕೊಂಡು ಹೋಗು. ನನ್ನ ಜೊತೆ ಮಾತಾಡಲೇಬೇಕು ಎಂದೇನಿಲ್ಲ. ಆದರೆ ಪಾರ್ಸೆಲ್ ಮಾಡಿ ಕಳಿಸು ಎಂದು ಮಾತ್ರ ಹೇಳಬೇಡ. ನೀನು ಬರಬೇಕು ಎಂದು ನನಗೆ ಇದೆ. ಇಷ್ಟು ಮಾತ್ರ ಅನಿಸುತ್ತಿದೆ, ಅದನ್ನೇ ಬರೆದಿದ್ದೇನೆ.

ಇಂತಿ ನಿನ್ನ ಅಮ್ಮ,
ಕುಮುದಾ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಹರಿದೆ. ಒಂದು ವಿಷಯ ಬರೆಯದೆ ಮುಗಿಸೋಣ ಎಂದಿದ್ದೆ, ಆಗಲಿಲ್ಲ. ಶುಕ್ರವಾರದ್ದು ತಪ್ಪಿ ಆದದ್ದು. ಶನಿವಾರ ಆನ್ ಮಾಡಿದಾಗ ಅಪ್ಪನ ಹೆಸರಿನ ಕೆಳಗೇ ‘ಅತಿಥಿ’ ಎಂದೂ ಇತ್ತು. ಇಷ್ಟು ವರ್ಷ ಟೆಸ್ಟಿಂಗ್ ಮಾಡಿದವಳಿಗೆ ಯಾವ ಲಾಗಿನ್ ಯಾರದ್ದು ಎಂದು ತಿಳಿಯುವುದಿಲ್ಲವೇ? ತಿಳಿದೇ ಅವರ ಹೆಸರು ಒತ್ತಿದೆ. ನನ್ನ ಹೆಸರಾಗಿದ್ದರೆ ನೀನು ಕರೆಯುತ್ತಿರಲಿಲ್ಲ. ‘ಊಟ ಆಯ್ತಾ ಮರಿ’ ಎಂದು ಆವತ್ತು ನಿನಗೆ ಬಂದ ಸಾಲೂ ನನ್ನದೇ. ನಿನ್ನನ್ನು ಮರಿ ಎನ್ನುತ್ತಿದ್ದವರು ಅಪ್ಪ ಒಬ್ಬರೇ ಎಂದು ಗೊತ್ತಿದ್ದೂ ಹಾಗೆ ಟೈಪ್ ಮಾಡಿದೆ. ನಿನ್ನ ಊಟ ಆಗಿದೆಯೋ ಇಲ್ಲವೋ ಎಂದು ಕೇಳಲು ಎಂಟು ತಿಂಗಳಿನಿಂದ ನನಗೆ ಬೇರೆ ದಾರಿ ಇರಲಿಲ್ಲ. ‘ಆಯ್ತು. ನಿಂದು?’ ಎಂದು ನೀನು ಬರೆದೆ. ಅವರನ್ನು ಕೇಳಿದೆಯೋ, ನನ್ನನ್ನೇ ಕೇಳಿದೆಯೋ, ತಿಳಿಯದೆ ಹಾಗೇ ಬಿಟ್ಟಿದ್ದೆ.

ನಂದಿನ್ನೂ ಆಗಿಲ್ಲ, ಪುಟ್ಟಿ.