ಕುಡಿಯದೇ ಕುಡುಕನಾದವನು

ದಾಳಿಂಬ
ತಾ. ೯-೧೨-೧೯೫೭

ಚಿ. ಸೌ. ಶಿವಕಾಂತಾಳಿಗೆ,

ಮನ್ಮಥಪ್ಪನ ಆಶೀರ್ವಾದ. ಗಂಡನೆಂದು ಆಶೀರ್ವಾದ ಬರೆಯುವ ಯೋಗ್ಯತೆ ನನಗೆಲ್ಲಿದೆ? ಬರೆಯದಿದ್ದರೆ ನಿಮ್ಮವ್ವ ಇನ್ನಷ್ಟು ಸಿಟ್ಟಾಗುತ್ತಾರೆಂದು ಬರೆದೆ. ನಿಲಂಗಾದ ನಿನ್ನ ತವರಲ್ಲಿ ಎಲ್ಲರೂ ಕ್ಷೇಮವೆಂದು ಗೆಳೆಯ ಅಂಬಾದಾಸ ಹೇಳಿದ. ಪತ್ರ ಹರಿಯಬೇಡ ಮಾರಾಯ್ತಿ, ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ನಾನು ಕುಡಿಯುವವನಲ್ಲ. ಒಂದು ಹನಿ ಸೇಂದಿಯೂ ನನ್ನ ಗಂಟಲಿಗೆ ಇಳಿದಿಲ್ಲ. ಕುಡಿದಿದ್ದೆ ಎಂದು ನಾನೇ ಒಪ್ಪಿಕೊಂಡೆನಲ್ಲ, ಅದೇ ಸುಳ್ಳು.

ಹೋದ ಶ್ರಾವಣದಲ್ಲಿ ಪೂಜೆಗೆ ಕೂತಿದ್ದೆ. ಎಡ ಅಂಗೈಯಲ್ಲಿ ಲಿಂಗವಿಟ್ಟು ಬಲಗೈಯಿಂದ ಪತ್ರಿ ಏರಿಸುತ್ತಿದ್ದಾಗ ಎಡಗೈ ನನ್ನದೇ ಅಲ್ಲ ಅನ್ನಿಸಿತು. ಬೆರಳು ಸಡಿಲಾಗಿ ಲಿಂಗ ನೆಲಕ್ಕೆ ಬಿತ್ತು. ಶಿವ ಶಿವಾ! ಬಲಗೈಯಿಂದ ಎತ್ತಿ ಎದೆಗೆ ಒತ್ತಿಕೊಂಡೆ. ನಿನ್ನನ್ನು ಕರೆಯೋಣವೆಂದರೆ ಬಾಯಿ ಸೊಟ್ಟಗಾಗಿ ಮಾತು ತೊದಲಿತು. ನೀನು ಅಡುಗೆಮನೆಯಿಂದ ಬಂದು ಮುಖ ನೋಡಿದೆ. ಹಿಂದಿನ ದಿನ ನಾನು ಅಂಬಾದಾಸನ ಜೊತೆ ಉಮರ್ಗಾ ಸಂತೆಗೆ ಹೋಗಿದ್ದೆ, ಅವನು ಕುಡಿಯುವುದು ಊರಿಗೇ ಗೊತ್ತು. "ಕುಡದೀರೇನ್ರೀ?" ಅಂದೆ ನೀನು. ಒಂದು ರೊಟ್ಟಿ ಬೇಯುವಷ್ಟರಲ್ಲಿ ಕೈ, ಬಾಯಿ ಎರಡೂ ನೆಟ್ಟಗಾದವು. ನಿಜ ಹೇಳಬಹುದಿತ್ತು. ಹೌದು, ಕುಡಿದಿದ್ದೆ ಅಂದುಬಿಟ್ಟೆ.

ಲಿಂಗ ಕೈಜಾರಿತೆಂದು ನಮ್ಮ ಮುತ್ತಜ್ಜ ಅನ್ನ ನೀರು ಬಿಟ್ಟು ಸತ್ತದ್ದನ್ನು ನಮ್ಮ ಮನೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಆ ಧೈರ್ಯ ಎಲ್ಲಿಂದ ಬರಬೇಕು? ಕುಡುಕನಾದರೆ ಅಯ್ಯನವರು ಪಾದೋದಕ ಕೊಟ್ಟು ತಪ್ಪು ಕಳೆದಾರು. ಲಿಂಗ ಬೀಳಿಸಿದವನನ್ನು ಏನು ಮಾಡುತ್ತಾರೋ! ಕುಡುಕನೆನಿಸಿಕೊಳ್ಳುವುದೇ ವಾಸಿ ಅನ್ನಿಸಿತು.

ಆಮೇಲೆ ನಿಮ್ಮ ತಮ್ಮ ವೀರಭದ್ರನ ಮಗನ ತೊಟ್ಟಿಲ ದಿನ ಪಂಕ್ತಿಯ ನಡುವೆ ಪಾಯಸದ ಪಾತ್ರೆ ಬೀಳಿಸಿ ತೊದಲಿದೆ. ಬೀಗರೆಲ್ಲ ನಕ್ಕರು. ನೀನು ನನ್ನನ್ನು ಒಳಗೆ ಕರೆದು, "ಇನ್ನ ಕುಡ್ಯಂಗಿಲ್ಲಂತ ಲಿಂಗ ಮುಟ್ಟಿ ಆಣಿ ಮಾಡ್ರಿ" ಅಂದೆ. ಆಣೆ ಮಾಡುವುದೇನು ದೊಡ್ಡದು, ಕುಡಿದವನೇ ಅಲ್ಲ. ಆದರೆ ನಾಳೆ ಮತ್ತೆ ಕೈ ಸೋತರೆ ಲಿಂಗದ ಆಣೆಯನ್ನೂ ಮುರಿದವನೆಂದು ನೀನು ತಿಳಿಯುತ್ತಿದ್ದೆ. ನಾನು ಆಣೆ ಮಾಡಲಿಲ್ಲವೆಂದೇ ನೀನು ತವರಲ್ಲಿ ಉಳಿದೆ. ನಿನ್ನದೇನೂ ತಪ್ಪಿಲ್ಲ.

ಹೋದ ತಿಂಗಳು ಬಲಗಣ್ಣಿಗೆ ಆಗಾಗ ಪರದೆ ಬಿಟ್ಟಂತೆ ಕತ್ತಲಾಗತೊಡಗಿತು. ಕಣ್ಣು ತೋರಿಸಲು ಉದಗೀರಕ್ಕೆ ಹೋದೆ. ಅಲ್ಲಿನ ಡಾಕ್ಟರು ಕಣ್ಣು ನೋಡಿ, ಎಲ್ಲ ಕೇಳಿಕೊಂಡು, ಎದೆ ಬಿಟ್ಟು ಕುತ್ತಿಗೆಗೆ ನಳಿಗೆ ಹಚ್ಚಿ ಆಲಿಸಿದರು. ನನಗೂ ಕೇಳಿಸಿದರು, ಸುಂಯ್ ಸುಂಯ್ ಅನ್ನುತ್ತಿತ್ತು. "ಕುತ್ತಿಗ್ಯಾಗ ಬಲಗಡಿ ರಕ್ತದ ನಾಳ ಸಣ್ಣಗಾಗ್ಯದ. ಮೆದುಳಿಗಿ ರಕ್ತ ಸಾಲವಲ್ದು. ಎಡಗೈ ನಡಸೋದು ಬಲಗಡಿ ಮೆದುಳು, ಅದಕ್ಕ ಕೈ ಸೋಲ್ತದ" ಅಂದರು. ಹಂಗಾರ ಇದು ನನ್ನ ಪಾಪ ಅಲ್ಲೇನ್ರಿ ಎಂದು ಕೇಳಿದೆ. ನಕ್ಕು, ಮೊದಲು ಬೀಡಿ ಬಿಡ್ರಿ ಅಂದರು. ಆಮೇಲೆ ನಗು ನಿಲ್ಲಿಸಿ, "ಈಗ ಬಂದು ಹೋಗ್ತದ. ಒಂದಿನ ಬಂದದ್ದು ಹೋಗಂಗಿಲ್ಲ, ಮನ್ಯಾಗ ಹೇಳಿಡ್ರಿ" ಅಂದರು.

ಮನೆಯಲ್ಲಿ ಯಾರಿಗೆ ಹೇಳಲಿ? ಬಸ್ಸಿಗೆ ಕಾಯುತ್ತ ಅತ್ತುಬಿಟ್ಟೆ. ಜಡ್ಡಾದ ಮೇಲೆ ಹೆಂಡತಿ ನೆನಪಾದಳೇ ಎಂದು ನಿಮ್ಮವ್ವ ಅನ್ನುತ್ತಾರೆ, ಅನ್ನಲಿ. ಚಾಕರಿಗೆ ಕರೆಯುತ್ತಾನೆಂದು ನೀನೂ ತಿಳಿಯುತ್ತೀಯೆಂದು ನನಗೆ ಸಾಯುವಷ್ಟು ನಾಚಿಕೆ. ಅದಕ್ಕೆ ಬಾ ಎಂದು ಕರೆಯುತ್ತಿಲ್ಲ. ನಾನಿಲ್ಲಿ ಚೆನ್ನಾಗಿದ್ದೇನೆ. ನಿನ್ನ ಗಂಡ ಕುಡುಕನಲ್ಲ ಎಂಬುದಷ್ಟು ನಿನಗೆ ತಿಳಿದಿರಲಿ.

ನಿನಗೆ ಮುಖ ತೋರಿಸಲಾಗದ,
ಮನ್ಮಥಪ್ಪ

ತಾ. ಕ.: ಚೆನ್ನಾಗಿದ್ದೇನೆ ಎಂದದ್ದೂ ಸುಳ್ಳು. ಮೊನ್ನೆ ಮುಂಜಾನೆ ಬಂದದ್ದು ಇನ್ನೂ ಹೋಗಿಲ್ಲ. ಎಡಗೈ ತೊಡೆಯ ಮೇಲೆ ಬಿದ್ದಿದೆ, ಪೂಜೆ ನಿಂತಿದೆ. ನನ್ನ ಲಿಂಗವನ್ನು ಬೇರೆಯವರ ಕೈಗೆ ಕೊಡುವಂತಿಲ್ಲ. ನೀನು ಬೇರೆಯವಳಲ್ಲ. ಬಾ ಶಿವಕಾಂತಾ, ನಿನ್ನ ಅಂಗೈ ಕೊಡು.